ಅಯಾನುಗೋಳಕ್ಕೆ ಎಷ್ಟು ಎಚ್‌ಪಿ?

ನಮ್ಮ ಮನೆಯ ತಾರಸಿಯ ಮೇಲೆ ಮರಳು ಜರಡಿಯ ಒಂದು ಚೌಕಟ್ಟು ಇದೆ. ಗಾರೆ ಕೆಲಸದವರು ಮರಳು ಸೋಸಲು ಓರೆಯಾಗಿ ನಿಲ್ಲಿಸಿಕೊಳ್ಳುತ್ತಾರಲ್ಲ, ಅದೇ. ಅದರ ಬಲೆ ಕಿತ್ತುಹೋಗಿ ಮರದ ಚೌಕ ಮಾತ್ರ ಉಳಿದಿದೆ. ಆ ಚೌಕದ ಅಂಚಿನ ಸುತ್ತ ನಾನೇ ಕೈಯಾರೆ ತಾಮ್ರದ ತಂತಿ ಸುತ್ತಿದ್ದೇನೆ. ಈಗ ಅದರ ಮೇಲೆ ನನ್ನ ಹೆಂಡತಿ ಸರೋಜ ಒದ್ದೆ ಟವೆಲ್ಲು ಒಣಹಾಕುತ್ತಾಳೆ.

ಮೊನ್ನೆ ಪಕ್ಕದ ಮನೆಯವರು ತಮ್ಮ ತಾರಸಿಯಿಂದ ಇಣುಕಿ, "ಇದೇನ್ ಮೇಡಂ, ಕೋತಿ ಓಡ್ಸೋಕಾ?" ಅಂತ ಕೇಳಿದರು. ಶ್ರೀರಂಗಪಟ್ಟಣದಲ್ಲಿ ತಾರಸಿಯ ಮೇಲೆ ಯಾರು ಏನಿಟ್ಟರೂ ಅದು ಕೋತಿಗಾಗಿಯೇ ಇರಬೇಕು ಅನ್ನುವುದು ನಮ್ಮ ಬೀದಿಯ ನಂಬಿಕೆ.

"ಅಲ್ಲ ಕಣ್ರೀ, ಅದು ಆಂಟೆನಾ. ಆಕಾಶದಿಂದ ದನಿ ಇಳಿಸೋಕೆ ನಮ್ಮೆಜಮಾನ್ರು ಮಾಡವ್ರೆ," ಅಂದಳು ಸರೋಜ.

"ಇಳೀತಾ?"

"ಟವೆಲ್ ಚೆನ್ನಾಗಿ ಒಣಗ್ತದೆ."

ನಾನು ಮೆಟ್ಟಿಲ ಮೇಲೇ ನಿಂತಿದ್ದೆ. ಮೇಲೆ ಹೋಗುವುದೋ ಕೆಳಗೆ ಇಳಿಯುವುದೋ ತಿಳಿಯದೆ, ಏನೋ ಮರೆತವನ ಹಾಗೆ ಜೇಬು ಮುಟ್ಟಿಕೊಂಡು ಕೆಳಗಿಳಿದುಬಿಟ್ಟೆ. ಭೌತಶಾಸ್ತ್ರದ ಉಪನ್ಯಾಸಕನಾಗಿ ನಿವೃತ್ತನಾದವನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟು. ನಿಮ್ಮ ಮನೆಯಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತಿದ್ದರೆ ನೀವು ಬೇರೆ ವಿಷಯ ಓದಿರಬೇಕು.

ನಾನು ಕೆ.ಆರ್. ಪೇಟೆಯಲ್ಲಿ ಕೆಲವು ವರ್ಷ, ಪಾಂಡವಪುರದಲ್ಲಿ ಹಲವು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಹೇಳಿದೆ. ಪುಸ್ತಕದ ಕೊನೆಯ ಕಡೆ ರೇಡಿಯೋ ಅಲೆಗಳ ಬಗ್ಗೆ ಒಂದು ಸಣ್ಣ ಭಾಗವಿತ್ತು. ಪರೀಕ್ಷೆಗೆ ಅಷ್ಟಾಗಿ ಬಾರದ ಭಾಗ. ಆದರೆ ನನಗೆ ಅದರ ಮೇಲೆ ವಿಪರೀತ ಮೋಹ. ಹಲಗೆಯ ಕೆಳಗೆ ಭೂಮಿ ಬರೆದು, ಮೇಲೆ ಒಂದರ ಮೇಲೊಂದು ಗೆರೆ ಎಳೆದು, ಕೈಯೆಲ್ಲ ಸೀಮೆಸುಣ್ಣ ಮಾಡಿಕೊಂಡು ಅಯಾನುಗೋಳ ವಿವರಿಸುತ್ತಿದ್ದೆ. ಹಗಲು ಬಿಸಿಲು ಬಹಳ ಮೇಲಿನ ಗಾಳಿಯನ್ನು ಕೆಣಕಿ, ಅದರ ಕಣಗಳಿಂದ ಎಲೆಕ್ಟ್ರಾನು ಕಿತ್ತು, ಪದರ ಪದರವಾಗಿ ಹರಡುತ್ತದೆ. ಎಲ್ಲಕ್ಕಿಂತ ಕೆಳಗಿನದು ಡಿ ಪದರ. ಮಧ್ಯಮ ತರಂಗದ ಅಲೆ ಏನಾದರೂ ಅಲ್ಲಿಗೆ ಹೋದರೆ ಡಿ ಪದರ ಅದನ್ನು ಹೀರಿಕೊಂಡು ಸುಮ್ಮನಾಗುತ್ತದೆ. ಆದ್ದರಿಂದ ಹಗಲು ನಮಗೆ ಕೇಳುವುದು ನೆಲ ಹಿಡಿದು ನಡೆದು ಬಂದ ಅಲೆ ಮಾತ್ರ. ಸೂರ್ಯ ಮುಳುಗಿದರೆ ಡಿ ಪದರ ಕರಗುತ್ತದೆ. ಆಮೇಲೆ ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ, ಬಗ್ಗಿ, ಎಲ್ಲೋ ದೂರದ ಊರಿಗೆ ಇಳಿಯುತ್ತವೆ.

ಕೆ.ಆರ್. ಪೇಟೆಯ ಮಕ್ಕಳಿಗೆ ಅರ್ಥವಾಗಲಿ ಅಂತ ಒಮ್ಮೆ ಆಲೆಮನೆಯ ಉದಾಹರಣೆ ಕೊಟ್ಟೆ. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುವಾಗ ಮೇಲೆ ನೊರೆ ಏಳುತ್ತದೆ, ಒಲೆ ಆರಿದರೆ ನೊರೆ ಇಳಿಯುತ್ತದೆ. ಒಲೆ ಅಂದರೆ ಸೂರ್ಯ, ನೊರೆ ಅಂದರೆ ಡಿ ಪದರ. ಇಷ್ಟು ಸುಲಭವಾಗಿ ಪ್ರಪಂಚದಲ್ಲಿ ಇನ್ನಾರೂ ಹೇಳಿರಲಾರರು ಅಂತ ನಾನೇ ಬೀಗುತ್ತಿದ್ದಾಗ ಹಿಂದಿನ ಬೆಂಚಿನಿಂದ ಮಾಕವಳ್ಳಿಯ ಹುಡುಗನೊಬ್ಬ ಎದ್ದು ನಿಂತ. "ಸಾ, ನಮ್ಮೂರ್ ಸಕ್ಕರೆ ಫ್ಯಾಕ್ಟ್ರೀಲಿ ಸೀಜನ್ನಲ್ಲಿ ಅಗ್ಲೂ ರಾತ್ರೀನೂ ಕುದೀತಾನೇ ಇರ್ತದೆ. ಅಂಗಾರೆ ನಮ್ಮೂರ್ ಮ್ಯಾಲೆ ಡಿ ಪದರ ಕರಗಾಕಿಲ್ವಾ ಸಾ?" ತರಗತಿ ಗೊಳ್ಳೆಂದಿತು. ನಾನು ಅವನನ್ನು ಕೂರಿಸಿ ಮುಂದಿನ ಪಾಠಕ್ಕೆ ಹೋದೆ. ಮೇಷ್ಟರ ಹತ್ತಿರ ಉತ್ತರ ಇಲ್ಲದಿದ್ದರೂ ಮುಂದಿನ ಪಾಠವಂತೂ ಯಾವಾಗಲೂ ಇರುತ್ತದೆ.

ಈ ಮೋಹ ನನಗೆ ಅಂಟಿದ್ದು ಪುಸ್ತಕದಿಂದಲ್ಲ, ನಮ್ಮೂರಿನ ಜಗಲಿಯಿಂದ. ನಾಗಮಂಗಲ ತಾಲೂಕಿನ ಹೊಣಕೆರೆ ಹೋಬಳಿಯಲ್ಲಿ ನಮ್ಮೂರು. ನಮ್ಮ ದೊಡ್ಡಪ್ಪ ಒಂದು ರೇಡಿಯೋ ತಂದಿದ್ದರು. ಅದಕ್ಕೆ ದೊಡ್ಡವ್ವ ಹಳೇ ಸೀರೆಯ ಸೆರಗಿನಲ್ಲಿ ಒಂದು ಅಂಗಿ ಹೊಲಿದಿದ್ದಳು. ಹಗಲೆಲ್ಲ ಅದು ಅಚ್ಚ ಕನ್ನಡದಲ್ಲಿ ರಾಗಿ ಬಿತ್ತನೆ, ದನದ ಕಾಲುಬಾಯಿ ರೋಗ ಅಂತ ಮಾತಾಡಿಕೊಂಡಿರುತ್ತಿತ್ತು. ಹೊತ್ತು ಮುಳುಗಿ ದನ ಕೊಟ್ಟಿಗೆಗೆ ಬರುವ ವೇಳೆಗೆ ಮಾತ್ರ ಅದರೊಳಗಿಂದ ಬೇರೆ ಯಾರೋ ಯಾವುದೋ ಭಾಷೆಯಲ್ಲಿ ಒದರಲು ಶುರುಮಾಡುತ್ತಿದ್ದರು. ಮುಳ್ಳು ಇಟ್ಟಲ್ಲೇ ಇದೆ, ಯಾರೂ ಮುಟ್ಟಿಲ್ಲ.

"ಮುಸ್ಸಂಜೇಲಿ ಈಚೆ ಮಡಗಬೇಡಿ ಅಂತ ಬಡ್ಕಂಡೆ. ಗಾಳಿ ಸೋಕ್ಯದೆ," ಅಂತ ದೊಡ್ಡವ್ವ ತೀರ್ಮಾನ ಕೊಟ್ಟಳು. ಉಪ್ಪು, ಒಣಮೆಣಸಿನಕಾಯಿ, ಒಂದು ಕಡ್ಡಿ ಪೊರಕೆ ಹಿಡಿದು ರೇಡಿಯೋಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ಬೆಳಿಗ್ಗೆ ನೋಡಿದರೆ ರೇಡಿಯೋ ವಾಸಿಯಾಗಿ ಕನ್ನಡ ಮಾತಾಡುತ್ತಿತ್ತು! ಸಂಜೆ ಮತ್ತೆ ಗಾಳಿ, ಮತ್ತೆ ಮೆಣಸಿನಕಾಯಿ, ಬೆಳಿಗ್ಗೆ ಮತ್ತೆ ಗುಣ. ನಾನು ನನ್ನ ಸೇವಾವಧಿಯಲ್ಲಿ ಮಾಡಿಸಿದ ಯಾವ ಪ್ರಯೋಗಕ್ಕೂ ಇಷ್ಟು ಖಚಿತವಾದ ಫಲಿತಾಂಶ ಬಂದಿಲ್ಲ.

ದೊಡ್ಡವ್ವನ ಬಗ್ಗೆ ಹೇಳುವಾಗ ಚಿಕ್ಕವ್ವನ ಬಗ್ಗೆಯೂ ಹೇಳಲೇಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಮಾತೆತ್ತಿದರೆ ಇಬ್ಬರಿಗೂ ಸಿಟ್ಟು. ದೊಡ್ಡವ್ವ ಅಂದರೆ ದೊಡ್ಡಪ್ಪನ ಹೆಂಡತಿ ಕಾಳಮ್ಮ. ಚಿಕ್ಕವ್ವ ಅಂದರೆ ಚಿಕ್ಕಪ್ಪನ ಹೆಂಡತಿ ನಿಂಗಮ್ಮ. ಓರಗಿತ್ತಿಯರು. ಮನೆ ಭಾಗವಾಗಿ ಒಲೆ ಎರಡಾದವು, ಜಗಲಿ ಮಾತ್ರ ಒಂದೇ ಉಳಿಯಿತು. ಆ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತ, ಅವರೆ ಬಿಡಿಸುತ್ತ, ಇಬ್ಬರೂ ಬದುಕಿಡೀ ಒಂದೇ ಜಗಳ ಆಡಿದರು. ಅದು ಜಮೀನಿನ ಜಗಳವಲ್ಲ, ಒಡವೆಯದೂ ಅಲ್ಲ. ಸೋಬಾನೆ ಪದದ ಜಗಳ.

ನಮ್ಮ ಕಡೆ ಮದುವೆಮನೆಯಲ್ಲಿ ಸೋಬಾನೆ ಹೇಳುವಾಗ ಒಬ್ಬಳು ಪದ ಎತ್ತುತ್ತಾಳೆ, ಇನ್ನೊಬ್ಬಳು ಅದೇ ಸಾಲನ್ನು ಹಿಂದಿನಿಂದ ಸೊಲ್ಲು ಕೊಡುತ್ತಾಳೆ. ಮೊದಲನೆಯವಳ ಉಸಿರು ಮುಗಿಯುವ ಮುಂಚೆ ಎರಡನೆಯವಳು ಹಿಡಿಯಬೇಕು, ಎರಡನೆಯವಳ ದನಿ ನಿಲ್ಲುವ ಹೊತ್ತಿಗೆ ಮೊದಲನೆಯವಳು ಮುಂದಿನ ಸಾಲು ಎತ್ತಬೇಕು. ನಡುವೆ ಸಂದು ಬೀಳಬಾರದು. ಸುತ್ತಲ ಊರುಗಳಲ್ಲಿ ಯಾರ ಮನೆಯಲ್ಲಿ ಚಪ್ಪರ ಎದ್ದರೂ ಇವರಿಬ್ಬರಿಗೆ ಕರೆ ಬರುತ್ತಿತ್ತು. ದೊಡ್ಡವ್ವ ಪದ ಎತ್ತುವವಳು, ಚಿಕ್ಕವ್ವ ಸೊಲ್ಲು ಕೊಡುವವಳು. ಹಾಡಿ ಮುಗಿಸಿ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಎತ್ತಿನಗಾಡಿ ಹತ್ತಿದ ಕೂಡಲೇ ಶುರು.

"ನಿಂಗಿ ಎಳೀತಾಳೆ. ಕಡೇ ಅಕ್ಷರ ಹಿಡ್ಕಂಡು ಜೀಕ್ತಾಳೆ. ಇವ್ಳು ಮುಗಿಸೋ ಹೊತ್ಗೆ ಮದ್ಲಿಂಗನಿಗೆ ಮಕ್ಳಾಗಿರ್ತವೆ," ಅಂತ ದೊಡ್ಡವ್ವ.

"ನಾನೆಲ್ ಎಳೀತೀನಕ್ಕ, ನೀನೇ ಓಡ್ತೀಯ. ಬೆಳೆಗ್ ಬಿದ್ದ ದನ ಓಡ್ಸೋಳಂಗೆ," ಅಂತ ಚಿಕ್ಕವ್ವ.

ಇದು ತೀರ್ಮಾನವಾಗಲೇ ಇಲ್ಲ. ಯಾರನ್ನು ಕೇಳಿದರೂ ಜಾಣರು, "ಇಬ್ರೂ ಚೆಂದಾಗ್ ಹೇಳ್ತೀರಿ ಬುಡ್ರವ್ವ" ಅಂದು ಜಾರಿಕೊಳ್ಳುತ್ತಿದ್ದರು. ಗಾಡಿ ಹೋಗಿ ಟ್ರಾಕ್ಟರು ಬಂತು, ಟೆಂಪೋ ಬಂತು, ಜಗಳ ಮಾತ್ರ ಅದೇ. ಆಮೇಲೆ ಮದುವೆಗಳಿಗೆ ವಿಡಿಯೋದವರು ಬಂದರು. ಇನ್ನು ಸಾಕ್ಷಿ ಸಿಕ್ಕಿತು ಅಂತ ಇಬ್ಬರೂ ಹಿಗ್ಗಿ, ಕ್ಯಾಸೆಟ್ಟು ಹಾಕಿಸಿ ನೋಡಿದರೆ ಪರದೆಯ ಮೇಲೆ ಇಬ್ಬರ ಬಾಯಿ ಆಡುತ್ತಿದೆ, ಮೇಲೆ ಸಿನಿಮಾ ಹಾಡು ಬರುತ್ತಿದೆ. ಎಲ್ಲ ಮದುವೆಯ ವಿಡಿಯೋದಲ್ಲೂ ಅದೇ ಕಥೆ. ಮೊಬೈಲು ಬಂದ ಕಾಲಕ್ಕೆ ಇವರನ್ನು ಮದುವೆಗೆ ಕರೆಯುವವರೇ ಕಡಿಮೆಯಾಗಿದ್ದರು. ಮನೆಯವರಿಗೋ, ದಿನಾ ಕೇಳುವ ದನಿಯನ್ನು ಹಿಡಿದಿಡಬೇಕು ಅನ್ನಿಸಲೇ ಇಲ್ಲ. ಮನೆಯವರು ಅಂದರೆ ನಾನೂ ಸೇರಿದಂತೆ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ರೇಡಿಯೋ ನಿಲಯದವರು ಜನಪದ ಹಾಡು ಸಂಗ್ರಹಿಸುತ್ತ ನಮ್ಮೂರಿಗೆ ಬಂದು ಇವರಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿ, ಮೈಕು ಹಿಡಿದು, ಮದುವಣಗಿತ್ತಿಯನ್ನು ಮನೆ ತುಂಬಿಸಿಕೊಳ್ಳುವ ಒಂದು ಸೋಬಾನೆ ಹೇಳಿಸಿಕೊಂಡು ಹೋದರು. ಮುಗಿದ ಕೂಡಲೇ ದೊಡ್ಡವ್ವ ಮೈಕು ಹಿಡಿದಿದ್ದ ಹೆಣ್ಣುಮಗಳ ಕೈ ಹಿಡಿದು, "ಎಳ್ದೋರ್ಯಾರು ನೋಡ್ ಹೇಳ್ ಮಗ" ಅಂದಳಂತೆ. ಆಕೆ ನಕ್ಕು, "ರೇಡಿಯೋದಲ್ಲಿ ಬಂದಾಗ ನೀವೇ ಕೇಳಿ ಅಜ್ಜಿ" ಅಂದು ಹೋದಳು.

ಶ್ರಾವಣದಲ್ಲಿ ಚಿಕ್ಕವ್ವ ಮಲಗಿದವಳು ಏಳಲಿಲ್ಲ. ದೊಡ್ಡವ್ವ ಅಳಲಿಲ್ಲ ಅಂತ ಊರಿನವರು ಆಡಿಕೊಂಡರು. ತಿಥಿಯ ದಿನ ನಾನು ಪಕ್ಕದಲ್ಲಿ ಕೂತಾಗ ಅವಳು ಅಂದದ್ದು ಇಷ್ಟೇ: "ಓಗೋವಾಗ್ಲೂ ಒಪ್ಕಳ್ನಿಲ್ಲ ಕಣ್ಲಾ ಸಿವು. ರೇಡ್ಯಾದಲ್ ಬಂದಾಗ ನಂಗೊಂದು ಕೇಳುಸ್ಬುಡು. ಎಳ್ದಿದ್ದು ಅವ್ಳೋ, ಓಡಿದ್ದು ನಾನೋ ಗೊತ್ತಾಗ್ಬುಡ್ಲಿ." ಜಗಲಿಯ ಇನ್ನೊಂದು ತುದಿ ಖಾಲಿ ಇತ್ತು. ಅವಳು ಆ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿಸುತ್ತೇನೆ ಅಂತ ಮಾತು ಕೊಟ್ಟೆ.

ಧನುರ್ಮಾಸದಲ್ಲಿ ನಿಲಯದಿಂದ ಫೋನು ಬಂತು. ಮುಂದಿನ ವಾರ, ಸಂಜೆ ದೀಪ ಹಚ್ಚುವ ಹೊತ್ತಿನ ಕಾರ್ಯಕ್ರಮದಲ್ಲಿ ಪ್ರಸಾರ. ಫೋನು ಬಂದದ್ದು ದೊಡ್ಡವ್ವನ ಮಗ ಚಲುವನಿಗೆ. ಅವನು ನನಗಿಂತ ಚಿಕ್ಕವನು, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿಕೊಂಡು ಊರಿನಲ್ಲಿದ್ದಾನೆ. "ಮೊಬೈಲ್ನಾಗೂ ಬತ್ತದಂತೆ ಅಣ್ಣ, ಅದೇನೋ ಆ್ಯಪು," ಅಂದ. ನನ್ನೊಳಗಿನ ಮೇಷ್ಟರು ಎದ್ದು ನಿಂತರು. ಆ್ಯಪಿನಲ್ಲಿ ಕೇಳುವುದು ಒಂದು ಕೇಳುವುದೇ? ರೇಡಿಯೋದಲ್ಲಿ ಬರುತ್ತದೆ ಅಂತ ದೊಡ್ಡವ್ವನಿಗೆ ಹೇಳಿದ್ದಾರೆ, ರೇಡಿಯೋದಲ್ಲೇ ಕೇಳಿಸೋಣ, ನಾನಿದ್ದೇನೆ ಅಂದೆ.

ಮಧ್ಯಮ ತರಂಗ ಹಿಡಿಯುವ ರೇಡಿಯೋ ಹುಡುಕುವುದಕ್ಕೇ ಎರಡು ಊರು ಅಲೆದೆ. ಅಂಗಡಿಯವರು ನನ್ನನ್ನು ಕರುಣೆಯಿಂದ ನೋಡಿ ಬ್ಲೂಟೂತ್ ಸ್ಪೀಕರ್ ತೋರಿಸಿದರು. ಕೊನೆಗೆ ಪಾಂಡವಪುರದ ಒಬ್ಬ ರಿಪೇರಿಯವನ ಬೀರುವಿನ ಮೇಲಿಂದ ಒಂದು ಇಳಿಯಿತು. ಸೆಲ್ಲು ಹಾಕಿದರೆ ಮಾತಾಡಿತು. ಅದನ್ನು ಹಿಡಿದು ಊರಿಗೆ ಹೋದೆ. ನಡು ಮಧ್ಯಾಹ್ನ, ಜಗಲಿಯ ಮೇಲೆ ಇಟ್ಟು ತಿರುಗಿಸಿದೆ. ದೂರದ ಆ ನಿಲಯ ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ದೊಡ್ಡವ್ವ ಕಣ್ಣರಳಿಸಿದಳು. ಬೀದಿಯ ನಾಲ್ಕಾರು ಜನ ಸೇರಿದರು. ನಾನು ಅವರಿಗೆಲ್ಲ ಆವರ್ತದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಯಾರೂ ಕೇಳಿರಲಿಲ್ಲ, ಆದರೂ ಮಾಡಿದೆ.

ಚಲುವ ಮೆಲ್ಲಗೆ, "ಅಣ್ಣ, ಪ್ರೋಗ್ರಾಮ್ ಇರೋದು ಸಂಜೀಕಲ್ವಾ? ಸಂಜೆಗಂಟ ಇದ್ದು ಒಂದ್ಕಿತ ನೋಡ್ಬುಟ್ಟು ಓಗು," ಅಂದ.

"ಲೋ ಚಲುವ, ಮಧ್ಯಾಹ್ನ ಬಂದದ್ದು ಸಂಜೆ ಎಲ್ಲೋಗ್ತದೆ? ಅಲೆಗೇನು ಡ್ಯೂಟಿ ಟೈಮ್ ಇದೆಯೇನೋ?" ಅಂದು ನಾನು ನಾಲ್ಕು ಗಂಟೆಯ ಬಸ್ಸು ಹತ್ತಿದೆ.

ದಯವಿಟ್ಟು ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ವರ್ಷಗಟ್ಟಲೆ ಹಲಗೆಯ ಮೇಲೆ ಡಿ ಪದರ ಬರೆದವನು, ಅದು ಸಂಜೆ ಕರಗುತ್ತದೆ ಅಂತ ಸಾವಿರಾರು ಮಕ್ಕಳಿಂದ ಬರೆಸಿದವನು ಆಡಿದ ಮಾತು ಇದು. ಪಾಠ ಹಲಗೆಯಿಂದ ಮಕ್ಕಳ ನೋಟ್ಸಿಗೆ ಹೋಗಿತ್ತೇ ಹೊರತು ದಾರಿಯಲ್ಲಿ ನನ್ನ ತಲೆಗೆ ಇಳಿದಿರಲಿಲ್ಲ.

ಬಸ್ಸು ಪಾಂಡವಪುರದ ನಿಲ್ದಾಣದಲ್ಲಿ ನಿಂತಾಗ ಸೂರ್ಯ ಕಬ್ಬಿನ ಗದ್ದೆಗಳ ಆಚೆ ಇಳಿಯುತ್ತಿದ್ದ. ನಾನು ಕಡಲೆಕಾಯಿ ಬಿಡಿಸುತ್ತ ಸುಮ್ಮನೆ ನೋಡುತ್ತಿದ್ದೆ. ಕೆಂಪಗೆ ಚೆನ್ನಾಗಿದೆಯಲ್ಲ ಅಂದುಕೊಂಡೆ. ಆಮೇಲೆ ಕೈಯಲ್ಲಿದ್ದ ಕಡಲೆಕಾಯಿ ಅಲ್ಲೇ ನಿಂತಿತು. ಒಲೆ ಆರುತ್ತಿದೆ. ನೊರೆ ಇಳಿಯುತ್ತಿದೆ! ಇನ್ನು ಸ್ವಲ್ಪ ಹೊತ್ತಿಗೆ ಎಲ್ಲೆಲ್ಲಿಯ ನಿಲಯಗಳೋ ಬಂದು ನಮ್ಮ ಜಗಲಿಯ ಮೇಲೆ ಇಳಿಯುತ್ತವೆ. ಪಕ್ಕದಲ್ಲಿ ಕೂತವರು, "ಏನಾಯ್ತು ಸಾ, ಉಳ ಸಿಕ್ತಾ?" ಅಂತ ಕೇಳಿದರು. ಹುಳ ಸಿಕ್ಕಿದ್ದರೆ ಉಗಿಯಬಹುದಿತ್ತು.

ರಾತ್ರಿಯೆಲ್ಲ ಹಳೆಯ ಪುಸ್ತಕಗಳನ್ನು ಇಳಿಸಿ ಓದಿದೆ. ಚೌಕಟ್ಟಿಗೆ ತಂತಿ ಸುತ್ತಿ ಕಂಡೆನ್ಸರ್ ಕಟ್ಟಿ ರೇಡಿಯೋ ಪಕ್ಕ ನಿಲ್ಲಿಸಿದರೆ, ಒಂದು ದಿಕ್ಕಿನ ನಿಲಯವನ್ನು ಕೂಗಿ ಕರೆದು ಇನ್ನೊಂದು ದಿಕ್ಕಿನದನ್ನು ಬಾಗಿಲಲ್ಲೇ ತಡೆಯಬಹುದು ಅಂತ ತಿಳಿಯಿತು. ಬೆಳಿಗ್ಗೆ ಪಾಂಡವಪುರದ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ ತಾಮ್ರದ ತಂತಿ ಕೇಳಿದೆ.

"ಯಾವ್ ಮೋಟ್ರುಗೆ ಸಾ?" ಅಂದ ಅಂಗಡಿಯವನು, ಸುಟ್ಟ ಪಂಪ್‌ಸೆಟ್ಟೊಂದರ ಒಳಗೆ ಕೈಯಿಟ್ಟುಕೊಂಡೇ.

ಸುಮ್ಮನೆ ಏನಾದರೂ ಹೇಳಬಹುದಿತ್ತು. ಆದರೆ ಮೇಷ್ಟರ ನಾಲಗೆ. "ಮೋಟಾರಿಗಲ್ಲಪ್ಪ, ಅಯಾನುಗೋಳಕ್ಕೆ," ಅಂದೆ.

ಅವನು ಪಂಪ್‌ಸೆಟ್ಟಿನಿಂದ ಕೈ ಈಚೆ ತೆಗೆದ. "ಅದೆಷ್ಟ್ ಎಚ್‌ಪಿ ಸಾ?"

ಅವನು ತಾನೇ ಅಂದಾಜು ಮಾಡಿ, "ಐದ್ ಎಚ್‌ಪೀದು ಕೊಟ್ಟಿರ್ತೀನಿ, ಸುಟ್ಟೋಗಾಕಿಲ್ಲ," ಅಂತ ಒಂದು ಸುರುಳಿ ಕಟ್ಟಿಕೊಟ್ಟ.

ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಬೇಡಿ ಜರಡಿಯ ಚೌಕಟ್ಟು ತಂದು ತಂತಿ ಸುತ್ತತೊಡಗಿದೆ. ಸರೋಜ ತಂತಿಯ ಇನ್ನೊಂದು ತುದಿ ಹಿಡಿದಿದ್ದಳು. "ಮದುವೆ ಆದ್ಮೇಲೆ ನೀವು ಇಷ್ಟೊಂದು ಸುತ್ತು ಹಾಕಿದ್ದು ಇದಕ್ಕೇ," ಅಂದಳು. ಮರುದಿನವೇ ಪ್ರಸಾರ. ಚೌಕಟ್ಟು ಹೊತ್ತು ಬಸ್ಸು ಹತ್ತಿದೆ. ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿ, "ಮಂಚಕ್ಕೆ ಲಗೇಜ್ ಹಾಕ್ಬೇಕಾಯ್ತದೆ ಸಾ," ಅಂದ. ಮಂಚವಲ್ಲ ಅಂದರೆ ಏನು ಅಂತ ಹೇಳಬೇಕಾಗುತ್ತದೆ. ಮಂಚ ಅಂತಲೇ ಒಪ್ಪಿಕೊಂಡೆ. ಸರೋಜ ನನ್ನ ಜೊತೆಗೇ ಬಂದಿದ್ದಳು, ಆದರೆ ಮುಂದಿನ ಸೀಟಿನಲ್ಲಿ ಕೂತು, ಹೊಣಕೆರೆಯವರೆಗೂ ನನ್ನನ್ನು ಕಂಡೇ ಇಲ್ಲದವಳ ಹಾಗೆ ಇದ್ದಳು.

ಸಂಜೆ ಜಗಲಿಯ ಮೇಲೆ ಎಲ್ಲರೂ ಸೇರಿದೆವು. ದೊಡ್ಡವ್ವ ಮಿಂದು, ಮಡಿಚಿಟ್ಟ ಸೀರೆ ಉಟ್ಟು, ಎಂದಿನ ಜಾಗದಲ್ಲಿ ಕೂತಿದ್ದಳು. ನಾನು ರೇಡಿಯೋ ಹಚ್ಚಿದೆ. ಗೊರ್ರ್ ಅಂತ ಗಂಟಲು ಕಟ್ಟಿದ ಎಮ್ಮೆಯ ಸದ್ದು. ಮನೆಯ ಎಲ್‌ಇಡಿ ಬಲ್ಬು, ತೋಟದ ಮೋಟಾರು, ಎಲ್ಲದರ ಗಲಾಟೆಯೂ ರೇಡಿಯೋದೊಳಗೆ ಸೇರಿತ್ತು. ಅದರ ಮೇಲೆ ಎಲ್ಲಿಯದೋ ನಿಲಯದ ಒಬ್ಬ ಗಂಡಸು ಅರ್ಥವಾಗದ ಭಾಷೆಯಲ್ಲಿ ಬಡಬಡಿಸುತ್ತಿದ್ದ. ನಮ್ಮ ನಿಲಯ ಅವನ ಬೆನ್ನ ಹಿಂದೆಲ್ಲೋ ಪಿಸುಗುಡುತ್ತಿತ್ತು. ಚೌಕಟ್ಟನ್ನು ಚಲುವನ ಕೈಗೆ ಕೊಟ್ಟು ತಿರುಗಿಸಲು ಹೇಳಿದೆ. ಡಿಗ್ರಿಯಲ್ಲಿ ಹೇಳಿದರೆ ತಿಳಿಯದು ಅಂತ ಊರುಗಳ ಹೆಸರಿನಲ್ಲಿ ಹೇಳಿದೆ.

"ನಾಗಮಂಗಲದ ಕಡೆ. ಇನ್ನೂ ಸ್ವಲ್ಪ. ಸಾಕು! ಹಿಂದಕ್ಕೆ, ಕೆ.ಆರ್. ಪೇಟೆ ಕಡೆ."

"ಕೆ.ಆರ್. ಪೇಟೆಗೆ ನಮ್ ಜಮೀನ್ ಮ್ಯಾಲ್ ಓಗ್ಬೇಕೋ ರೋಡ್ ಮ್ಯಾಲೋ ಅಣ್ಣ?" ಅಂದ ಚಲುವ, ಚೌಕಟ್ಟಿನ ನಡುವೆ ಮುಖ ಇಟ್ಟುಕೊಂಡು.

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯುದ್ದಕ್ಕೂ "ಥೂ" ಅನ್ನುವ ಉದ್ಗಾರ ಎದ್ದಿತು. ಊರಿನಲ್ಲಿ ಕುಣಿದಾಡಿದವನು ನಾನೊಬ್ಬನೇ. ಬಲ್ಬು ಮೋಟಾರುಗಳ ಗೊರಗೊರ ನಿಂತು ರೇಡಿಯೋ ತಟ್ಟನೆ ತಿಳಿಯಾಯಿತು. ಸರೋಜ ಲಾಟೀನು ಹಚ್ಚಿದಳು. ಚಲುವ ಒಂದು ಕೈಯಲ್ಲಿ ಮೊಬೈಲು ತೆಗೆದು ನೋಡಿದ. ಟವರಿಗೂ ಕರೆಂಟು ಹೋಗಿ ಆ್ಯಪಿನಲ್ಲಿ ಒಂದು ಸೊನ್ನೆ ಮಾತ್ರ ಸುತ್ತುತ್ತಿತ್ತು. ಇನ್ನು ಉಳಿದದ್ದು ಈ ರೇಡಿಯೋ, ಆ ಆಕಾಶ. ಚೌಕಟ್ಟು ಒಂದು ಕೋನದಲ್ಲಿ ನಿಂತಾಗ ಆ ಪರಭಾಷೆಯ ಗಂಡಸು ದೂರ ಸರಿದ. ನಮ್ಮ ನಿಲಯ ಮುಂದೆ ಬಂತು. ನಾನು ಬೆವರು ಒರೆಸಿಕೊಂಡೆ. ಆದರೆ ಅದರ ದನಿ ಒಂದೇ ಸಮನೆ ನಿಲ್ಲಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

"ಇದ್ಯಾಕ್ಲಾ ಇಂಗೆ ಉಸ್ರು ಬುಟ್ಟು ಉಸ್ರು ತಕ್ಕತದೆ?" ಅಂದಳು ದೊಡ್ಡವ್ವ.

ಇದಕ್ಕೆ ಜರಡಿಯ ಚೌಕಟ್ಟಿನಲ್ಲಿ ಪರಿಹಾರ ಇರಲಿಲ್ಲ. ಆದರೆ ವಿವರಣೆ ಇತ್ತು, ಕೊಡದೆ ಇರಲಾಗಲಿಲ್ಲ. "ನೋಡು ದೊಡ್ಡವ್ವ, ಒಂದೇ ದನಿ ಎರಡು ದಾರೀಲಿ ಬರ್ತದೆ. ಒಂದು ನೆಲದ ಮೇಲೇ ನೆಟ್ಟಗೆ ಬರ್ತದೆ. ಇನ್ನೊಂದು ಆಕಾಶಕ್ಕೆ ಹೋಗಿ ಅಲ್ಲಿಂದ ತಿರುಗಿ ಬರೋದ್ರಿಂದ ಒಂಚೂರು ತಡ. ಇಬ್ರೂ ಹೊಂದಿಕೊಂಡ್ರೆ ದನಿ ಜೋರು. ಹೊಂದದೇ ಇದ್ರೆ ಒಬ್ರನ್ನೊಬ್ರು ಅಳಿಸಿಹಾಕ್ತಾರೆ. ಆಗ ದನಿ ಕುಗ್ತದೆ."

ದೊಡ್ಡವ್ವ ರೇಡಿಯೋ ಕಡೆ ತಿರುಗಿದಳು. "ಅಂಗಾರೆ ಅಲ್ಲೂ ಒಬ್ಳು ನಿಂಗಿ ಅವ್ಳೆ ಅನ್ನು," ಅಂದಳು.

ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಸಿಕ್ಕ ಒಬ್ಬಳೇ ಒಳ್ಳೆಯ ವಿದ್ಯಾರ್ಥಿನಿ. ಹೌದು ಅಂದೆ. ಬೇರೆ ಏನೂ ಸೇರಿಸಲಿಲ್ಲ, ಸರೋಜ ನನ್ನನ್ನು ನೋಡುತ್ತಿದ್ದಳು.

ನಿರೂಪಕಿ ಇಬ್ಬರ ಹೆಸರನ್ನೂ ಊರಿನ ಹೆಸರನ್ನೂ ಹೇಳಿದಳು. ಹಾಡು ಶುರುವಾಯಿತು. ಮೊದಲ ಸಾಲು ಎತ್ತಿದವಳು ದೊಡ್ಡವ್ವ. "ಯಾವಳ್ಲಾ ಇವ್ಳು, ಗಂಟ್ಲು ಕಿತ್ಕತಾಳೆ?" ಅಂದಳು ದೊಡ್ಡವ್ವ. ಅದು ನೀನೇ ಅಂದರೆ ನಂಬಲಿಲ್ಲ. ಆಮೇಲೆ ಸೊಲ್ಲು ಬಂತು. ಚಿಕ್ಕವ್ವನ ದನಿ. ದೊಡ್ಡವ್ವನ ಕೈ ಮೊಣಕಾಲಿನ ಮೇಲೆ ಬಿಗಿಯಾಯಿತು. "ನಿಂಗಿ," ಅಂದಳು.

ಎರಡು ಸಾಲು, ಮೂರು ಸಾಲು. ಇನ್ನು ಅನುಮಾನವೇ ಇರಲಿಲ್ಲ. ಚಿಕ್ಕವ್ವ ಎಳೆಯುತ್ತಿದ್ದಳು. ಪ್ರತಿ ಸಾಲಿನ ಕೊನೆಯಲ್ಲೂ ದನಿಯನ್ನು ಕೆಳಗಿಡಲು ಮನಸ್ಸಿಲ್ಲದವಳ ಹಾಗೆ ನಿಧಾನವಾಗಿ ಇಳಿಸುತ್ತಿದ್ದಳು. ಅವಳು ಇಳಿಸುವ ಮೊದಲೇ ದೊಡ್ಡವ್ವ ಮುಂದಿನ ಸಾಲು ಎತ್ತಿಬಿಡುತ್ತಿದ್ದಳು. ಒಂದು ಸಲವೂ ಅವಳಿಗೆ ಪೂರ್ತಿ ಮುಗಿಸಲು ಬಿಡಲಿಲ್ಲ.

"ನೀನೇ ಗೆದ್ದೆ ಬುಡವ್ವ, ಚಿಕ್ಕವ್ವನೇ ಎಳೀತಿದ್ದದ್ದು," ಅಂದ ಚಲುವ ಚೌಕಟ್ಟಿನೊಳಗಿಂದ.

ದೊಡ್ಡವ್ವನದು ಇಷ್ಟು ವರ್ಷದ ಮೊಕದ್ದಮೆ ಗೆದ್ದವಳ ಮುಖವಾಗಿರಲಿಲ್ಲ. ಲಾಟೀನಿನ ಬೆಳಕಿನಲ್ಲಿ ಅವಳ ಕಣ್ಣು ತುಂಬಿದ್ದು ಕಂಡಿತು. ನನ್ನದೂ ತುಂಬಿತ್ತು. ಅಡಗಿಸಿಕೊಳ್ಳಲು ತಂತಿ ಸರಿಮಾಡುವವನ ಹಾಗೆ ಬಗ್ಗಿದೆ.

ಆಗ ದನಿ ಕುಗ್ಗತೊಡಗಿತು. ಆಕಾಶದಲ್ಲಿ ಎಲ್ಲೋ ಏನೋ ಸರಿಯಿತು, ನೆಲದ ಅಲೆಗೂ ಮೇಲಿನ ಅಲೆಗೂ ಹೊಂದಿಕೆ ತಪ್ಪಿತು. ಹಾಡು ಕೆಳಕೆಳಕ್ಕೆ ಇಳಿದು ಪರಭಾಷೆಯ ಗಂಡಸು ಮತ್ತೆ ಮುಂದೆ ಬಂದ. ನಾನು ಗಾಬರಿಯಲ್ಲಿ ಚಲುವನಿಗೆ ನಾಗಮಂಗಲ ಅಂದೆ, ಕೆ.ಆರ್. ಪೇಟೆ ಅಂದೆ, ಯಾಕೋ ಮೈಸೂರು ಅಂತಲೂ ಅಂದೆ. ಎಲ್ಲಿ ತಿರುಗಿಸಿದರೂ ಬರಲಿಲ್ಲ. ಅವಳಿಗೆ ಮತ್ತೆ ಕೇಳಿಸಲು ಆ ಹಾಡು ನಮ್ಮ ಯಾರ ಹತ್ತಿರವೂ ಇಲ್ಲ ಅನ್ನುವುದೊಂದೇ ತಲೆಯಲ್ಲಿ.

ದೊಡ್ಡವ್ವ ಕಾಯಲಿಲ್ಲ. ರೇಡಿಯೋ ಬಿಟ್ಟ ಕಡೆಯಿಂದ ತಾನೇ ಹಿಡಿದಳು. ದನಿ ಒಡೆದಿತ್ತು, ಆದರೂ ಪದ ಎತ್ತಿದಳು. ಸೊಲ್ಲು ಕೊಡುವವರು ಇರಲಿಲ್ಲ, ಅದನ್ನೂ ತಾನೇ ಕೊಟ್ಟಳು. ಮತ್ತೆ ಮುಂದಿನ ಸಾಲು. ಅದೇ ಓಟ, ಹಳೆಯ ಅಭ್ಯಾಸ. ಚಲುವ ಚೌಕಟ್ಟನ್ನು ಅಲ್ಲಾಡಿಸದೆ ನಿಂತಿದ್ದ.

ದನಿ ಎಷ್ಟು ಮೆಲ್ಲಗೆ ಹೋಗಿತ್ತೋ ಅಷ್ಟೇ ಮೆಲ್ಲಗೆ ಮರಳಿತು. ಮೊದಲು ಗುನುಗು, ಆಮೇಲೆ ಪದ. ದೊಡ್ಡವ್ವ ಅಷ್ಟರಲ್ಲಿ ಬಹಳ ಮುಂದೆ ಹೋಗಿಬಿಟ್ಟಿದ್ದಳು. ರೇಡಿಯೋದಲ್ಲಿ ಚಿಕ್ಕವ್ವ ಇನ್ನೂ ಹಿಂದಿನ ಸಾಲಿನ ಕೊನೆಯಲ್ಲೇ ಇದ್ದಳು, ತನ್ನ ಪಾಡಿಗೆ ಎಳೆಯುತ್ತ.

ದೊಡ್ಡವ್ವ ಹಾಡುವುದನ್ನು ನಿಲ್ಲಿಸಿದಳು. ದನಿ ಮತ್ತೆ ಹೋದೀತು ಅಂತ ನನ್ನ ಕೈ ರೇಡಿಯೋ ತಿರುಪಿನ ಕಡೆ ಹೋಯಿತು. ಅವಳು ಅದನ್ನು ತಟ್ಟಿ ಸರಿಸಿದಳು.

"ಸುಮ್ಕಿರ್ಲಾ," ಅಂದಳು. "ಅವ್ಳು ಮುಗಿಸ್ಲಿ."

ರೇಡಿಯೋದ ದೊಡ್ಡವ್ವ ಎಂದಿನಂತೆ ಅರ್ಧದಲ್ಲೇ ಮುಂದಿನ ಸಾಲು ಎತ್ತಿದಳು. ಜಗಲಿಯ ಮೇಲೆ ಕೂತವಳು ಬಾಯಿ ತೆರೆಯಲಿಲ್ಲ. ಚಿಕ್ಕವ್ವ ನಿಧಾನವಾಗಿ, ಪೂರ್ತಿಯಾಗಿ, ದನಿ ಇಳಿಸಿ ಮುಗಿಸಿದಳು. ಆಮೇಲೆ ಜಗಲಿಯ ಮೇಲಿದ್ದ ದೊಡ್ಡವ್ವ ಪದ ಎತ್ತಿದಳು.